ಭಾವನೆ, ಬಳಗ, ಮಾತು ಮತ್ತು ತೀರ್ಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಯೋಚಿಸುತ್ತೇವೆ, ಆಮೇಲೆ ತೀರ್ಮಾನಿಸುತ್ತೇವೆ, ಕೊನೆಗೆ ಅದನ್ನು ಮಾತಿನಲ್ಲಿ ಹೇಳುತ್ತೇವೆ ಎಂದು ನಾವೆಲ್ಲ ನಂಬಿಕೊಂಡಿರುತ್ತೇವೆ. ನಿತ್ಯದ ಅನುಭವ ಈ ಕ್ರಮವನ್ನು ಅಷ್ಟಾಗಿ ಪುಷ್ಟೀಕರಿಸುವುದಿಲ್ಲ. ಆರಿಸಿಕೊಂಡ ಕ್ರಿಯಾಪದದಲ್ಲಿ, ಬಳಸಿದ ಸರ್ವನಾಮದಲ್ಲಿ ತೀರ್ಪಿನ ಅರ್ಧಭಾಗ ಆಗಲೇ ಮುಗಿದಿರುತ್ತದೆ. ಆ ಆಯ್ಕೆಯನ್ನು ನಮ್ಮಿಂದ ಮಾಡಿಸುವುದು ಆ ಹೊತ್ತಿನ ಭಾವನೆ ಮತ್ತು ಆ ಹೊತ್ತಿನಲ್ಲಿ ನಮ್ಮೆದುರಿಗಿರುವ ಜನ. ಈ ವಿಷಯದ ಬಗ್ಗೆ ಮೇಲಿಂದ ಮೇಲೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಭಾವನೆಯನ್ನು ಬದಿಗಿಟ್ಟು ಯೋಚಿಸಿದರೆ ತೀರ್ಮಾನ ಸರಿಯಾಗಿರುತ್ತದೆ ಅಲ್ಲವೇ?

ಭಾವನೆಯನ್ನು ನಿಜಕ್ಕೂ ಬದಿಗಿಡಬೇಕಾಗಿ ಬಂದವರ ಸ್ಥಿತಿಯನ್ನು ನೋಡಿದರೆ ಹಾಗೆನಿಸುವುದಿಲ್ಲ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರು ಹಣೆಯ ಹಿಂಬದಿಯಲ್ಲಿ, ಮಿದುಳಿನ ಮುಂಭಾಗದ ಒಳ-ಕೆಳ ಪದರಕ್ಕೆ ಹಾನಿಯಾದ ರೋಗಿಗಳನ್ನು ದೀರ್ಘಕಾಲ ಅಭ್ಯಸಿಸಿದರು. ಇವರ ಬುದ್ಧಿಶಕ್ತಿ, ಭಾಷೆ, ನೆನಪು, ಲೆಕ್ಕಾಚಾರ ಎಲ್ಲವೂ ಮೊದಲಿನಂತೆಯೇ ಇದ್ದವು. ಮಾಯವಾಗಿದ್ದುದು, ಇದು ಬೇಕು, ಇದು ಬೇಡ ಎಂದು ಒಳಗಿನಿಂದ ತಟ್ಟಿ ಹೇಳುವ ಅನಿಸಿಕೆ ಮಾತ್ರ. ಅಂಥ ಒಬ್ಬ ರೋಗಿಗೆ ಮುಂದಿನ ಭೇಟಿಗಾಗಿ ಕೆಲವೇ ದಿನಗಳ ಅಂತರದ ಎರಡು ದಿನಾಂಕಗಳನ್ನು ಕೊಟ್ಟು ಒಂದನ್ನು ಆರಿಸಿಕೊಳ್ಳಲು ಹೇಳಿದಾಗ, ಆತ ದಿನಚರಿ ಪುಸ್ತಕ ತೆರೆದು ಹೆಚ್ಚು ಕಡಿಮೆ ಅರ್ಧ ಗಂಟೆ ಎರಡೂ ದಿನಗಳ ಅನುಕೂಲ ಅನನುಕೂಲಗಳನ್ನು ಒಂದೊಂದಾಗಿ ವಿವರಿಸುತ್ತಲೇ ಇದ್ದ. ಬೇರೆ ಕೆಲಸಗಳು, ಹತ್ತಿರದ ಇತರ ಭೇಟಿಗಳು, ಹವಾಮಾನ ಹೇಗಿರಬಹುದು ಎಂಬುದು, ಯಾವುದೂ ಬಿಟ್ಟುಹೋಗಲಿಲ್ಲ. ತರ್ಕದಲ್ಲಿ ಎಲ್ಲಿಯೂ ದೋಷವಿರಲಿಲ್ಲ. ಕೊನೆಗೆ ವೈದ್ಯರೇ ಎರಡನೆಯ ದಿನ ಬರುವಂತೆ ಹೇಳಿದಾಗ, ಆಗಲಿ ಎಂದು ಸುಮ್ಮನೆ ಎದ್ದು ಹೋದ. ಇಷ್ಟು ಹೊತ್ತು ಇದಕ್ಕೆ ವ್ಯಯಿಸುವುದು ಅರ್ಥಹೀನ ಎಂದು ಉಳಿದವರಿಗೆ ಅನಿಸುತ್ತದಲ್ಲ, ಆ ಬೇಸರವೇ ಅವನಲ್ಲಿ ಹುಟ್ಟಲಿಲ್ಲ. ಯೋಚನೆಗೆ ಪೂರ್ಣವಿರಾಮ ಹಾಕುವ ಕೆಲಸವನ್ನು ಭಾವನೆ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ತಿಳಿದಿಲ್ಲ.

ಹಾಗಾದರೆ ಭಾವನೆ ನಮ್ಮನ್ನು ದಾರಿ ತಪ್ಪಿಸುವುದು ಯಾವಾಗ?

ಒಂದು ಕಡೆ ಹುಟ್ಟಿದ ಭಾವನೆ ಇನ್ನೊಂದು ಕಡೆ ಹೋಗಿ ಕೂತಾಗ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಇದನ್ನೇ ಹೇಳುತ್ತದೆ, ಆದರೆ ಗಾದೆಯಲ್ಲಿ ಕೋಪಿಸಿಕೊಂಡವರಿಗೆ ಅದರ ಮೂಲ ಗೊತ್ತಿದೆ. ನಿಜಜೀವನದಲ್ಲಿ ಬಹಳ ಸಲ ಅದು ಗೊತ್ತೇ ಇರುವುದಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರಬಂಧಗಳ ಮೌಲ್ಯಮಾಪನ ಮಾಡುತ್ತಿದ್ದಾಗ ನಡುವೆ ಫೋನಿನಲ್ಲಿ ಒಂದು ಒರಟು ಸಂದೇಶ ಓದಿ, ಏನೂ ಆಗಿಲ್ಲವೆಂಬಂತೆ ಮತ್ತೆ ಕೆಂಪು ಪೆನ್ನು ಹಿಡಿದೆ. ಆಮೇಲೆ ನೋಡಿದ ಮೊದಲ ಪ್ರಬಂಧದ ಅಂಚಿನಲ್ಲಿ ‘ಅಸಡ್ಡೆಯ ಬರವಣಿಗೆ’ ಎಂದು ಬರೆದೆ. ಮರುದಿನ ಅಂಕಗಳನ್ನು ಕೂಡಿಸುವಾಗ ಅದೇ ಪ್ರಬಂಧ ಕಣ್ಣಿಗೆ ಬಿತ್ತು. ಅದರಲ್ಲಿದ್ದುದು ಮೂರು ಕಾಗುಣಿತದ ತಪ್ಪುಗಳು ಮತ್ತು ಅವಸರದ ಮುಕ್ತಾಯ. ‘ಅಸಡ್ಡೆ’ ಎಂಬುದು ಹಿಂದಿನ ದಿನದ ಸಂದೇಶಕ್ಕೆ ಸಲ್ಲಬೇಕಾಗಿದ್ದ ಪದ. ದಾರಿಯಲ್ಲಿ ಸಿಕ್ಕಿದ ವಿದ್ಯಾರ್ಥಿಗೆ ಸಂದಿತ್ತು.

ಇದನ್ನು ಪ್ರಯೋಗದಲ್ಲಿ ಹಿಡಿಯಲು ಯತ್ನಿಸಿದವರು ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೆರಾಲ್ಡ್ ಕ್ಲೋರ್. 1983ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಬಿಸಿಲಿರುವ ದಿನ ಮತ್ತು ಮಳೆಯ ದಿನ ಜನರಿಗೆ ಫೋನ್ ಮಾಡಿ, ಒಟ್ಟಾರೆ ಬದುಕು ಎಷ್ಟು ತೃಪ್ತಿಕರವಾಗಿದೆ ಎಂದು ಕೇಳಲಾಯಿತು. ಮಳೆಯ ದಿನ ಮಾತನಾಡಿದವರು ಇಡೀ ಬದುಕಿನ ಬಗ್ಗೆಯೇ ಕಡಿಮೆ ತೃಪ್ತಿ ತೋರಿದರು. ಆದರೆ, ಅಲ್ಲಿ ಹವೆ ಹೇಗಿದೆ ಎಂದು ಮೊದಲೇ ವಿಚಾರಿಸಿ ಮುಂದುವರಿದಾಗ ಆ ವ್ಯತ್ಯಾಸ ಇಲ್ಲವಾಯಿತು. ಹವೆಯ ಪ್ರಭಾವ ಅಷ್ಟು ದೊಡ್ಡದಲ್ಲವೆಂದು ಆನಂತರದ ದೊಡ್ಡ ಸಮೀಕ್ಷೆಗಳು ಹೇಳಿವೆ, ಆದ್ದರಿಂದ ಅಂಕಿಗಳಿಗೆ ಜೋತುಬೀಳುವುದು ಬೇಡ. ಭಾವನೆಯ ಮೂಲವನ್ನು ಗುರುತಿಸಿದರೆ ಅದು ಬೇರೆ ಕಡೆ ಹರಿಯುವುದು ತಗ್ಗುತ್ತದೆ ಎಂಬ ಹೊಳಹು ಮಾತ್ರ ಉಪಯುಕ್ತವಾಗಿಯೇ ಉಳಿದಿದೆ.

ಭಯ, ಸಿಟ್ಟು ಎರಡೂ ಕೆಟ್ಟ ಭಾವನೆಗಳೇ. ಎರಡರ ಪರಿಣಾಮವೂ ಒಂದೇ ಅಲ್ಲವೇ?

ಅಲ್ಲ, ಬಹುಮಟ್ಟಿಗೆ ವಿರುದ್ಧ. ಭಯ ಅನಿಶ್ಚಿತತೆಯಿಂದ ಹುಟ್ಟುತ್ತದೆ. ಏನಾದೀತೋ ಗೊತ್ತಿಲ್ಲ, ತಡೆಯುವುದು ನನ್ನ ಕೈಲಿಲ್ಲ ಎನ್ನುತ್ತದೆ. ಸಿಟ್ಟಿಗೆ ಎಲ್ಲವೂ ಗೊತ್ತು: ತಪ್ಪು ಯಾರದು, ಏನು ಮಾಡಬೇಕು ಎಂಬ ಎರಡೂ ಖಚಿತ. ಜೆನಿಫರ್ ಲರ್ನರ್ ಮತ್ತು ಡ್ಯಾಕರ್ ಕೆಲ್ಟ್ನರ್ ಅವರ ಅಧ್ಯಯನಗಳಲ್ಲಿ ಭಯಗೊಂಡವರು ಅಪಾಯವನ್ನು ಹೆಚ್ಚಾಗಿ ಅಂದಾಜಿಸಿ ಭದ್ರವಾದ ಆಯ್ಕೆಯ ಕಡೆ ವಾಲಿದರೆ, ಸಿಟ್ಟಾದವರು ಅಪಾಯವನ್ನು ಕಡಿಮೆ ಅಂದಾಜಿಸಿ, ಸಂತೋಷವಾಗಿದ್ದವರ ಹಾಗೆಯೇ ಧೈರ್ಯದ ಆಯ್ಕೆ ಮಾಡಿದರು. ಒಂದೇ ದುರ್ಘಟನೆಯ ಸುದ್ದಿಯನ್ನು ‘ಬೆಚ್ಚಿಬೀಳಿಸುವ’ ಎಂದು ಬರೆಯುವುದಕ್ಕೂ ‘ರಕ್ತ ಕುದಿಸುವ’ ಎಂದು ಬರೆಯುವುದಕ್ಕೂ ಇರುವ ಅಂತರ ಹಾಗಾಗಿ ಬರೀ ಶೈಲಿಯದ್ದಲ್ಲ. ಮೊದಲನೆಯದು ಓದುಗನನ್ನು ಬಾಗಿಲು ಹಾಕಿಕೊಳ್ಳುವಂತೆ ಮಾಡುತ್ತದೆ, ಎರಡನೆಯದು ಬಾಗಿಲು ತೆರೆದು ಹೊರಗೆ ಬರುವಂತೆ ಮಾಡುತ್ತದೆ.

ವ್ಯಾಕರಣದಲ್ಲಿಯೂ ಭಾವನೆ, ತೀರ್ಪು ಇರುತ್ತವೆಯೇ?

ಕನ್ನಡದ ಮಟ್ಟಿಗೆ ಹೇಳುವುದಾದರೆ, ಧಾರಾಳವಾಗಿ ಇರುತ್ತವೆ. ಒಂದು ಗಾಜಿನ ಲೋಟ ಕೈಜಾರಿ ಬಿದ್ದಿದೆ ಎಂದುಕೊಳ್ಳೋಣ. ‘ಲೋಟ ಒಡೆಯಿತು’ ಎನ್ನುವುದು ವರದಿ. ‘ಲೋಟ ಒಡೆದುಹೋಯಿತು’ ಎಂದರೆ ನಷ್ಟದ ಅಳಲು ಸೇರಿತು, ತಪ್ಪಿತಸ್ಥರು ಯಾರೂ ಇಲ್ಲ. ‘ಅವನು ಲೋಟ ಒಡೆದ’ ಎಂದಾಗ ಕರ್ತೃ ಸಿಕ್ಕಿಬಿದ್ದ. ‘ಒಡೆದುಬಿಟ್ಟ’ ಎಂದರೆ ತಡೆಯುವಷ್ಟರಲ್ಲಿ ಕೈಮೀರಿತು ಎಂಬ ಉದ್ಗಾರ, ಅದರಲ್ಲಿ ಸ್ವಲ್ಪ ಕ್ಷಮೆಯೂ ಇರಬಹುದು, ಹೇಳುವ ದನಿಯನ್ನು ಅವಲಂಬಿಸಿ. ‘ಒಡೆದುಹಾಕಿದ’ ಎಂದರೆ ಮುಗಿಯಿತು, ಅಲ್ಲಿ ಉದ್ದೇಶವಿತ್ತು ಎಂಬ ಆರೋಪಪಟ್ಟಿಯೇ ಸಿದ್ಧ. ನೆಲದ ಮೇಲೆ ಬಿದ್ದಿರುವ ಚೂರುಗಳು ಐದೂ ವಾಕ್ಯಗಳಲ್ಲಿ ಅವೇ. ಬಿಡು, ಹಾಕು, ಹೋಗು, ಕೊಳ್ಳು ಎಂಬ ಸಹಾಯಕ ಕ್ರಿಯಾಪದಗಳು ಘಟನೆಗೆ ಏನನ್ನೂ ಕೂಡಿಸುವುದಿಲ್ಲ, ಘಟನೆಯ ಎದುರು ಮಾತನಾಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಹೇಳಿಬಿಡುತ್ತವೆ. (ಈಗ ನಾನು ಬರೆದ ‘ಹೇಳಿಬಿಡುತ್ತವೆ’ ಎಂಬುದನ್ನೂ ಗಮನಿಸಿ.)

ಇಂಥ ಆಯ್ಕೆ ಕೇಳುವವರ ತೀರ್ಮಾನವನ್ನು ಬದಲಿಸುತ್ತದೆ ಎಂಬುದು ಊಹೆಯಲ್ಲ. ಕೇಟ್ಲಿನ್ ಫಾಸಿ ಮತ್ತು ಲೆರಾ ಬೊರೊಡಿಟ್ಸ್ಕಿ 2010ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಭಾಷೆಯ ಅಧ್ಯಯನವೊಂದರಲ್ಲಿ, ಉಪಾಹಾರ ಗೃಹವೊಂದರಲ್ಲಿ ಆಕಸ್ಮಿಕವಾಗಿ ಬೆಂಕಿ ಹೊತ್ತಿಕೊಂಡ ಕಥೆಯನ್ನು ಎರಡು ರೀತಿಯಲ್ಲಿ ಬರೆಯಲಾಗಿತ್ತು. ಒಂದರಲ್ಲಿ ಮಹಿಳೆಯೊಬ್ಬಳು ಕರವಸ್ತ್ರಕ್ಕೆ ಬೆಂಕಿ ಹೊತ್ತಿಸಿದಳು ಎಂದಿದ್ದರೆ ಇನ್ನೊಂದರಲ್ಲಿ ಕರವಸ್ತ್ರಕ್ಕೆ ಬೆಂಕಿ ಹೊತ್ತಿತು ಎಂದಿತ್ತು. ಮೊದಲನೆಯದನ್ನು ಓದಿದವರು ಆಕೆಯ ಮೇಲೆ ಹೆಚ್ಚು ದೋಷ ಹೊರಿಸಿದ್ದಲ್ಲದೆ ಹೆಚ್ಚು ಪರಿಹಾರದ ಹಣವನ್ನೂ ಆಕೆಯಿಂದ ಕೊಡಿಸಬೇಕೆಂದರು.

ಇನ್ನೊಂದು ವಿಶೇಷವಿದೆ. ಕನ್ನಡದಲ್ಲಿ ನಾವು ಸಿಟ್ಟಾಗಿದ್ದೇವೆ ಎನ್ನುವುದಕ್ಕಿಂತ ನಮಗೆ ಸಿಟ್ಟು ಬಂತು ಎನ್ನುವುದೇ ಹೆಚ್ಚು. ಭಯವಾಯಿತು, ನಾಚಿಕೆಯಾಯಿತು, ಬೇಜಾರಾಯಿತು, ನೆನಪಾಯಿತು: ಇವೆಲ್ಲ ಚತುರ್ಥಿ ವಿಭಕ್ತಿಯ ‘ನನಗೆ’ಯ ಮನೆಬಾಗಿಲಿಗೆ ಹೇಳದೆ ಕೇಳದೆ ಬರುವ ಅತಿಥಿಗಳು. ಆದರೆ ‘ನಾನು ಸಿಟ್ಟು ಮಾಡಿಕೊಂಡೆ’ ಎಂದು ಪ್ರಥಮಾ ವಿಭಕ್ತಿಗೆ ಬದಲಾಯಿಸಿ ನೋಡಿ, ಹೊಣೆ ಥಟ್ಟನೆ ಹೆಗಲಿಗೆ ಬರುತ್ತದೆ. ತಮ್ಮ ಬಗ್ಗೆ ಹೇಳುವಾಗ ‘ಸಿಟ್ಟು ಬಂತು’ ಎನ್ನುವವರು, ಅದೇ ಸಂದರ್ಭದಲ್ಲಿ ಎದುರಿನವರ ಬಗ್ಗೆ ‘ಸುಮ್ಮಸುಮ್ಮನೆ ಸಿಟ್ಟು ಮಾಡಿಕೊಂಡರು’ ಎನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಾನೂ ಹಾಗೆಯೇ ಹೇಳಿದ್ದೇನೆ.

ಒಂದೇ ಅಂಕಿಅಂಶವನ್ನು ಬೇರೆ ರೀತಿಯಲ್ಲಿ ಹೇಳಿದರೆ ತೀರ್ಮಾನ ಬದಲಾಗುವುದು ನಿಜವೇ?

ನಿಜ. ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1981ರಲ್ಲಿ ಮುಂದಿಟ್ಟ ಸಮಸ್ಯೆ ಇದಕ್ಕೆ ಪ್ರಸಿದ್ಧ. ಒಂದು ರೋಗದಿಂದ 600 ಜನ ಸಾಯುವ ಸಂಭವವಿದೆ. ಒಂದು ಯೋಜನೆಯಿಂದ 200 ಜನ ಖಂಡಿತ ಉಳಿಯುತ್ತಾರೆ. ಇನ್ನೊಂದರಲ್ಲಿ ಎಲ್ಲ 600 ಜನ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು ಪಾಲು, ಯಾರೂ ಉಳಿಯದಿರುವ ಸಾಧ್ಯತೆ ಎರಡು ಪಾಲು. ಹೀಗೆ ಕೇಳಿದಾಗ 72 ಪ್ರತಿಶತ ಜನ ಖಚಿತವಾದ ಮೊದಲನೆಯದನ್ನು ಆರಿಸಿದರು. ಇದೇ ಯೋಜನೆಗಳನ್ನು ಇನ್ನೊಂದು ಗುಂಪಿಗೆ ವಿವರಿಸುವಾಗ ‘ಉಳಿಯುತ್ತಾರೆ’ ಎಂಬ ಕಡೆ ‘ಸಾಯುತ್ತಾರೆ’ ಎಂದು ತಿರುಗಿಸಿ, ಒಂದರಲ್ಲಿ 400 ಜನ ಖಂಡಿತ ಸಾಯುತ್ತಾರೆ ಎಂದಾಗ 78 ಪ್ರತಿಶತ ಜನ ಅದನ್ನು ತಿರಸ್ಕರಿಸಿ ಅದೃಷ್ಟಪರೀಕ್ಷೆಗೆ ಇಳಿದರು. ಮರುವರ್ಷ ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಒಳಗಾದ 100 ಜನರಲ್ಲಿ 90 ಜನ ಬದುಕುತ್ತಾರೆ ಎಂಬುದೂ 10 ಜನ ಸಾಯುತ್ತಾರೆ ಎಂಬುದೂ ಬೇರೆ ಬೇರೆ ಒಲವನ್ನು ಹುಟ್ಟಿಸಿದವು. ಗಮನಿಸಬೇಕಾದ ಸಂಗತಿಯೆಂದರೆ, ಈ ಮಾತಿನ ಹೊರಳಿಗೆ ರೋಗಿಗಳಷ್ಟೇ ವೈದ್ಯರೂ ಒಳಗಾದರು.

ಪ್ರಶ್ನೆ ಕೇಳುವ ರೀತಿಯಿಂದ ನೆನಪೂ ಬದಲಾಗುತ್ತದೆಯೇ?

ಬದಲಾಗಬಲ್ಲದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ ವೇಗವೆಷ್ಟಿತ್ತು ಎಂದು ಕೇಳಿದರು. ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಂಬ ಅರ್ಥದ ಪದ ಬಳಸಿದಾಗ ಸರಾಸರಿ ಅಂದಾಜು ಗಂಟೆಗೆ 40 ಮೈಲಿಗಿಂತ ತುಸು ಹೆಚ್ಚು, ‘ತಾಗಿದಾಗ’ ಎಂಬ ಅರ್ಥದ ಪದಕ್ಕೆ 31.8 ಮೈಲಿ. ಎರಡನೆಯ ಪ್ರಯೋಗದಲ್ಲಿ, ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತೇ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ‘ಅಪ್ಪಳಿಸು’ ಎಂಬ ಪದ ಕೇಳಿದ್ದ 50 ಜನರಲ್ಲಿ 16 ಜನ ಕಂಡಿತೆಂದರು, ಸಾಧಾರಣವಾದ ‘ಡಿಕ್ಕಿ ಹೊಡೆ’ ಎಂಬ ಪದ ಕೇಳಿದ್ದ 50 ಜನರಲ್ಲಿ 7 ಜನ. ಪದ ಮೊದಲು ಬಂತು, ಗಾಜಿನ ಚೂರುಗಳು ಅದರ ಹಿಂದೆ ಬಂದವು.

ನೀನು, ನೀವು ಎಂಬುದರಲ್ಲಿ ಅಷ್ಟೇನಿದೆ?

ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಐರೋಪ್ಯ ಭಾಷೆಗಳ ಇಂಥ ಜೋಡಿಗಳನ್ನು ವಿವರಿಸುತ್ತ, ಇವುಗಳ ಹಿಂದೆ ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಅಳತೆಗೋಲುಗಳಿವೆ ಎಂದರು. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದ ಗೆಳೆಯ ಒಂದು ದಿನ ಇದ್ದಕ್ಕಿದ್ದಂತೆ ‘ನೀವು ಹೇಳಿದ ಹಾಗೆಯೇ ಆಗಲಿ’ ಎಂದರೆ ಗೌರವ ಹೆಚ್ಚಿತೆಂದು ಯಾರೂ ಹಿಗ್ಗುವುದಿಲ್ಲ. ಹೆಚ್ಚು ಸೂಕ್ಷ್ಮವಾಗಿರುವುದು ಪ್ರಥಮ ಪುರುಷದ ಪ್ರಯೋಗ. ಆರೋಪಿ ‘ಪರಾರಿಯಾಗಿದ್ದಾನೆ’ ಎಂದು ಬರೆಯಬೇಕೋ ‘ಪರಾರಿಯಾಗಿದ್ದಾರೆ’ ಎಂದು ಬರೆಯಬೇಕೋ ಎಂಬುದು ವರದಿಗಾರನಿಗೆ ಅಪರಾಧದ ಸ್ವರೂಪಕ್ಕಿಂತ ಆರೋಪಿಯ ಅಂತಸ್ತಿನಿಂದ ತೀರ್ಮಾನವಾಗುವುದುಂಟು. ಆರೋಪ ಇನ್ನೂ ಸಾಬೀತಾಗಿಲ್ಲ ಎಂಬ ವಾಕ್ಯ ಕೊನೆಯಲ್ಲಿ ಇದ್ದರೂ, ಅಷ್ಟರಲ್ಲಿ ಪ್ರತ್ಯಯ ತನ್ನ ತೀರ್ಪು ಕೊಟ್ಟಾಗಿರುತ್ತದೆ.

ನಮ್ಮವರ ಬಗ್ಗೆ, ಬೇರೆಯವರ ಬಗ್ಗೆ ಮಾತನಾಡುವಾಗ ಭಾಷೆ ಬದಲಾಗುತ್ತದೆಯೇ?

ಬದಲಾಗುತ್ತದೆ, ಅದೂ ಮಾತನಾಡುವವರಿಗೇ ಗೊತ್ತಾಗದಂತೆ. ನಮ್ಮವನೊಬ್ಬ ಯಾರನ್ನಾದರೂ ತಳ್ಳಿದರೆ, ‘ಅವನು ತಳ್ಳಿದ’ ಎನ್ನುತ್ತೇವೆ: ಒಂದು ಸಲ, ಒಂದು ಜಾಗದಲ್ಲಿ, ಒಂದು ಕೈ ಮಾಡಿದ ಕೆಲಸ. ಎದುರಿನ ಗುಂಪಿನವನು ಅದನ್ನೇ ಮಾಡಿದರೆ ‘ಅವನು ಜಗಳಗಂಟ’ ಎನ್ನುತ್ತೇವೆ, ಕೃತ್ಯ ಸ್ವಭಾವವಾಯಿತು. ಒಳ್ಳೆಯ ಕೆಲಸದ ಬಗ್ಗೆ ಇದು ತಿರುಗುಮುರುಗಾಗುತ್ತದೆ. ನಮ್ಮವನು ‘ಉಪಕಾರಿ’, ಅವರಲ್ಲೊಬ್ಬ ‘ಆವತ್ತು ಸಹಾಯ ಮಾಡಿದ’. ಆನ್ ಮಾಸ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ವಿವರಿಸಿದ್ದು ಇಟಲಿಯ ಕುದುರೆ ಪಂದ್ಯಗಳಲ್ಲಿ ಸೆಣಸುವ ಪ್ರತಿಸ್ಪರ್ಧಿ ಬಡಾವಣೆಗಳ ಜನರನ್ನು ಅಭ್ಯಸಿಸಿ. ಕ್ರಿಯಾಪದಕ್ಕೆ ಸಾಕ್ಷಿ ಬೇಕಾಗುತ್ತದೆ, ಎಲ್ಲಿ ತಳ್ಳಿದ, ಯಾರನ್ನು ತಳ್ಳಿದ ಎಂದು ಕೇಳಬಹುದು. ನಾಮಪದಕ್ಕೆ ಸಾಕ್ಷಿ ಕೇಳುವವರು ಕಡಿಮೆ. ಪೂರ್ವಗ್ರಹ ಇಷ್ಟು ಗಟ್ಟಿಯಾಗಿ ಉಳಿಯಲು ಇದೂ ಒಂದು ಕಾರಣವಿರಬೇಕು ಎಂಬುದು ನನ್ನ ಅಭಿಪ್ರಾಯ.

ಕಣ್ಣಿಗೆ ಕಾಣುವುದನ್ನೂ ಗುಂಪು ಬದಲಿಸಬಲ್ಲದೇ?

ಕಂಡದ್ದನ್ನು ಬದಲಿಸುತ್ತದೋ ಇಲ್ಲವೋ, ಕಂಡದ್ದನ್ನು ಹೇಳುವುದನ್ನು ಬದಲಿಸುತ್ತದೆ. 1951ರಲ್ಲಿ ಮೊದಲು ಪ್ರಕಟವಾದ ಸಾಲೊಮನ್ ಆಶ್ ಅವರ ಪ್ರಯೋಗಗಳಲ್ಲಿ, ಮೂರು ಗೆರೆಗಳ ಪೈಕಿ ಯಾವುದು ಮಾದರಿ ಗೆರೆಯಷ್ಟೇ ಉದ್ದವಿದೆ ಎಂದು ಹೇಳಬೇಕಿತ್ತು. ಒಬ್ಬರೇ ಕೂತು ಉತ್ತರಿಸುವಾಗ ತಪ್ಪು ಆಗುತ್ತಿದ್ದುದೇ ಅಪರೂಪ. ಆದರೆ ಮೊದಲೇ ಗೊತ್ತುಮಾಡಿಕೊಂಡಿದ್ದ ಉಳಿದವರೆಲ್ಲರೂ ಒಬ್ಬರಾದ ಮೇಲೊಬ್ಬರು ತಪ್ಪು ಗೆರೆಯನ್ನು ತೋರಿಸಿದಾಗ, ಸರಿಸುಮಾರು ಮೂರರಲ್ಲಿ ಒಂದು ಉತ್ತರ ಗುಂಪಿನ ಕಡೆಗೇ ವಾಲಿತು. ನಾಲ್ಕರಲ್ಲಿ ಒಬ್ಬರು ಮಾತ್ರ ಒಮ್ಮೆಯೂ ಬಗ್ಗಲಿಲ್ಲ. ಈ ಪ್ರಯೋಗವನ್ನು ಮನುಷ್ಯರ ಕುರಿಮಂದೆತನಕ್ಕೆ ಸಾಕ್ಷಿಯಾಗಿ ಉದ್ಧರಿಸುವವರು ಇದರ ಇನ್ನೊಂದು ಭಾಗವನ್ನು ಮರೆಯುತ್ತಾರೆ: ಗುಂಪಿನಲ್ಲಿ ಇನ್ನೊಬ್ಬರೇ ಒಬ್ಬರು ಸರಿಯುತ್ತರ ಹೇಳಿದರೂ ಈ ಒತ್ತಡ ಬಹುಪಾಲು ಕುಸಿಯಿತು. ಉತ್ತರವನ್ನು ಗಟ್ಟಿಯಾಗಿ ಹೇಳುವ ಬದಲು ಬರೆದು ಕೊಡಲು ಬಿಟ್ಟಾಗಲೂ ತಗ್ಗಿತು. ಸಭೆಗಳಲ್ಲಿ ಮೊದಲು ಹಿರಿಯರ ಅಭಿಪ್ರಾಯ ಕೇಳಿ ಆಮೇಲೆ ಉಳಿದವರನ್ನು ಕೇಳುವ ರೂಢಿಯಿರುವಲ್ಲಿ, ಕ್ರಮವನ್ನು ತಿರುಗಿಸಿದರೆ ಏನಾಗುತ್ತದೆ ಎಂದು ಒಮ್ಮೆ ನೋಡಬಹುದು.

ಬರೆದ ಸಂದೇಶಗಳು ಇಷ್ಟೊಂದು ಅಪಾರ್ಥಕ್ಕೆ ಎಡೆಮಾಡುವುದೇಕೆ?

ಭಾರತೀಯ ಕಾವ್ಯಮೀಮಾಂಸಕರು ‘ಕಾಕು’ ಎಂದು ಕರೆದದ್ದು ಬರಹದಲ್ಲಿ ಇಲ್ಲದಿರುವುದರಿಂದ. ಸ್ವರದ ಏರಿಳಿತವೊಂದರಿಂದಲೇ ವಾಕ್ಯದ ಅರ್ಥ ತಲೆಕೆಳಗಾಗುವುದಕ್ಕೆ ಅವರು ಕೊಟ್ಟ ಹೆಸರು ಅದು. ‘ನೀವು ಬಿಡಿ, ದೊಡ್ಡವರು’ ಎಂಬ ಮಾತನ್ನು ನಾಲ್ಕು ಬಗೆಯಲ್ಲಿ ಹೇಳಿ ನೋಡಿದರೆ ಸಾಕು. ಬರೆಯುವವರ ಕಿವಿಯಲ್ಲಿ ಆ ಸ್ವರ ಮೊಳಗುತ್ತಲೇ ಇರುತ್ತದೆ, ಹಾಗಾಗಿ ಅದು ಪದಗಳಲ್ಲಿಯೂ ಇದೆ ಎಂದು ನಂಬುತ್ತಾರೆ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಇಮೇಲ್‌ನಲ್ಲಿ ಬರೆದ ವ್ಯಂಗ್ಯವನ್ನು ಓದುಗರು ಸುಲಭವಾಗಿ ಹಿಡಿಯುತ್ತಾರೆಂದು ಬರೆದವರು ನಂಬಿದ್ದರು. ಓದಿದವರ ಊಹೆ ನಾಣ್ಯ ಚಿಮ್ಮಿದ್ದಕ್ಕಿಂತ ಅಷ್ಟೇನೂ ಉತ್ತಮವಾಗಿರಲಿಲ್ಲ. ಸ್ವರವಿಲ್ಲದ ಜಾಗದಲ್ಲಿ ಓದುವವರು ತಮ್ಮ ಆ ಹೊತ್ತಿನ ಸ್ವರವನ್ನೇ ತುಂಬಿಕೊಳ್ಳುತ್ತಾರೆ. ಆತಂಕದಲ್ಲಿ ಕಾದು ಕೂತವರಿಗೆ ‘ಸರಿ’ ಎಂಬ ಎರಡಕ್ಷರದ ಉತ್ತರ ಮುನಿಸಿನಂತೆ ಕೇಳುತ್ತದೆ, ಕಳಿಸಿದವರು ಬಸ್ಸು ಹತ್ತುತ್ತ ಒಂದೇ ಕೈಯಲ್ಲಿ ಟೈಪ್ ಮಾಡಿರುತ್ತಾರೆ ಅಷ್ಟೆ.

ತಾಯ್ನುಡಿಯಲ್ಲಿ ಯೋಚಿಸುವುದಕ್ಕೂ ಕಲಿತ ಭಾಷೆಯಲ್ಲಿ ಯೋಚಿಸುವುದಕ್ಕೂ ವ್ಯತ್ಯಾಸವಿದೆಯೇ?

ಕೆಲವು ಸಂದರ್ಭಗಳಲ್ಲಿ ಇದೆ. ಟರ್ಕಿಷ್ ತಾಯ್ನುಡಿಯವರು ಬಾಲ್ಯದ ಗದರಿಕೆಯ ಮಾತುಗಳನ್ನು ಟರ್ಕಿಷ್‌ನಲ್ಲಿ ಕೇಳಿದಾಗ, ಅವನ್ನೇ ಇಂಗ್ಲಿಷ್‌ನಲ್ಲಿ ಕೇಳಿದ್ದಕ್ಕಿಂತ ಅವರ ಚರ್ಮದ ವಿದ್ಯುತ್ ಸ್ಪಂದನ (ಭಾವೋದ್ವೇಗದ ಗುರುತು) ಹೆಚ್ಚಾಗಿತ್ತು ಎಂದು 2003ರ ಅಧ್ಯಯನವೊಂದು ದಾಖಲಿಸಿದೆ. ಆಲ್ಬರ್ಟ್ ಕೋಸ್ಟಾ ಮತ್ತು ಸಂಗಡಿಗರು 2014ರಲ್ಲಿ ಒಂದು ನೈತಿಕ ಸಂದಿಗ್ಧವನ್ನು ಮುಂದಿಟ್ಟರು: ಸೇತುವೆಯ ಮೇಲಿನಿಂದ ಒಬ್ಬನನ್ನು ತಳ್ಳಿ ಕೊಂದರೆ ಹಳಿಯ ಮೇಲಿನ ಐವರು ಉಳಿಯುತ್ತಾರೆ, ತಳ್ಳುತ್ತೀರಾ? ತಾಯ್ನುಡಿಯಲ್ಲಿ ಓದಿದವರ ಪೈಕಿ 20 ಪ್ರತಿಶತ ಜನ ತಳ್ಳುತ್ತೇವೆಂದರೆ, ಕಲಿತ ಭಾಷೆಯಲ್ಲಿ ಓದಿದವರಲ್ಲಿ 33 ಪ್ರತಿಶತ. ಪರಭಾಷೆಯಲ್ಲಿ ನಾವು ಹೆಚ್ಚು ವಿವೇಕಿಗಳಾಗುತ್ತೇವೆ ಎಂದು ಇದನ್ನು ವ್ಯಾಖ್ಯಾನಿಸುವವರಿದ್ದಾರೆ. ಹೆಚ್ಚು ನಿರ್ಲಿಪ್ತರಾಗುತ್ತೇವೆ ಎನ್ನುವುದು ಹೆಚ್ಚು ಸರಿ. ನಿರ್ಲಿಪ್ತತೆ ಎಲ್ಲ ಕಡೆಯೂ ವಿವೇಕವಲ್ಲ.

ನ್ಯಾಯಾಧೀಶರು ಹಸಿದಿದ್ದರೆ ಜಾಮೀನು ಸಿಗುವುದಿಲ್ಲ ಎಂಬ ಮಾತು ನಿಜವೇ?

ಜಾಮೀನಲ್ಲ, ಪೆರೋಲ್, ಅಂದರೆ ಶಿಕ್ಷೆಯ ಅವಧಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ. 2011ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನದ ಪ್ರಕಾರ, ವಿರಾಮದ ನಂತರ ಸುಮಾರು 65 ಪ್ರತಿಶತ ಇದ್ದ ಅನುಕೂಲಕರ ತೀರ್ಪುಗಳ ಪ್ರಮಾಣ ಮುಂದಿನ ವಿರಾಮದ ಹೊತ್ತಿಗೆ ಸೊನ್ನೆಯ ಹತ್ತಿರ ಇಳಿಯುತ್ತಿತ್ತು. ಆದರೆ ಪ್ರಕರಣಗಳ ಸರದಿ ಯಾದೃಚ್ಛಿಕವಾಗಿರಲಿಲ್ಲ, ವಕೀಲರಿಲ್ಲದ ಕೈದಿಗಳು ಕೊನೆಗೆ ಬರುತ್ತಿದ್ದರು ಎಂದು ಅದೇ ವರ್ಷ ಆಕ್ಷೇಪ ಬಂತು. ಅಧ್ಯಯನ ಹರಡಿದಷ್ಟು ಆಕ್ಷೇಪ ಹರಡಲಿಲ್ಲ, ಏಕೆಂದರೆ ಹಸಿದ ನ್ಯಾಯಾಧೀಶನ ಕಥೆ ಹೇಳಲು ಚೆನ್ನಾಗಿದೆ.

ಭಾವನೆಗೆ ಹೆಸರಿಟ್ಟರೆ ಅದು ತಗ್ಗುತ್ತದೆಯೇ?

ಸ್ವಲ್ಪಮಟ್ಟಿಗೆ. ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳ ಚಿತ್ರ ನೋಡಿ ಆ ಭಾವನೆಯ ಹೆಸರನ್ನು ಆರಿಸಿದಾಗ, ಆ ಮುಖಕ್ಕೆ ಒಪ್ಪುವ ವ್ಯಕ್ತಿನಾಮವನ್ನು ಆರಿಸಿದ್ದಕ್ಕಿಂತ, ಭಯದಂಥ ಭಾವನೆಗಳಿಗೆ ಮಿಡಿಯುವ, ಮಿದುಳಿನ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ಕಡಿಮೆಯಿತ್ತು. ಹೆಸರು ನಿಖರವಾಗಿದ್ದಷ್ಟೂ ಒಳ್ಳೆಯದು. ‘ಬೇಜಾರು’ ಎಂಬ ಪದವನ್ನು ನಾವು ದುಃಖ, ಆಯಾಸ, ಅಸಮಾಧಾನ, ಏಕತಾನತೆ ಎಲ್ಲಕ್ಕೂ ಬಳಸುತ್ತೇವೆ. ಅವಮಾನವಾದಾಗಲೂ ‘ಬೇಜಾರಾಯಿತು’ ಎಂದೇ ಹೇಳಿಕೊಂಡರೆ, ಮುಂದೇನು ಮಾಡಬೇಕೆಂಬುದು ಹೊಳೆಯುವುದಿಲ್ಲ.

‘ನಿಮಗೆ ನೋವಾಗಿದ್ದರೆ ಕ್ಷಮಿಸಿ’ ಎಂಬ ಕ್ಷಮಾಪಣೆ ಏಕೆ ಸಮಾಧಾನ ಕೊಡುವುದಿಲ್ಲ?

ಮೇಲೆ ಹೇಳಿದ ಹಲವು ಸಂಗತಿಗಳು ಈ ಒಂದು ವಾಕ್ಯದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿವೆ. ‘ನೋವಾಗಿದ್ದರೆ’ ಎಂಬ ಪಕ್ಷಾರ್ಥ ನೋವನ್ನು ಸಂದೇಹಕ್ಕೆ ಒಳಪಡಿಸುತ್ತದೆ. ‘ನಿಮಗೆ’ ಎಂಬ ಚತುರ್ಥಿ, ನೋವು ತಾನಾಗಿಯೇ ನಿಮ್ಮಲ್ಲಿಗೆ ಬಂತು ಎನ್ನುತ್ತದೆ. ನೋಯಿಸಿದ ಕರ್ತೃ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಉಳಿದಿರುವ ಒಂದೇ ಒಂದು ಕೆಲಸ ‘ಕ್ಷಮಿಸಿ’ ಎಂಬುದು, ಅದನ್ನೂ ನೊಂದವರಿಗೇ ವಹಿಸಲಾಗಿದೆ. ಹೇಳಿದವರು ಕಪಟಿಗಳೆಂದಲ್ಲ, ನಾಚಿಕೆಯಾದವರು ವಾಕ್ಯದಿಂದ ‘ನಾನು’ ಎಂಬುದನ್ನು ಮೊದಲು ಹೊರಗಿಡುತ್ತಾರೆ, ಹತ್ತು ಜನರ ಎದುರು ಹೇಳಬೇಕಾಗಿ ಬಂದರೆ ಇನ್ನೂ ಬೇಗ. ‘ನಾನು ಹಾಗೆ ಅಂದೆ, ನಿಮ್ಮನ್ನು ನೋಯಿಸಿದೆ’ ಎಂಬ ವಾಕ್ಯವನ್ನು ಬಾಯಿಬಿಟ್ಟು ಒಮ್ಮೆ ಹೇಳಿ ನೋಡಿದರೆ, ಆ ‘ನೋಯಿಸಿದೆ’ ಎಂಬಲ್ಲಿ ನಾಲಿಗೆ ಎಷ್ಟು ತಡವರಿಸುತ್ತದೆ ಎಂಬುದು ಗೊತ್ತಾಗುತ್ತದೆ.